ಹೇಳದೆ ತಿಳಿದ ಸಾವು

ಬೆಕ್ವಾಯ್‌ನಲ್ಲಿ ನಮ್ಮ ಮೆಥಡಿಸ್ಟ್ ಚರ್ಚಿಗೆ ನಡೆದು ಬರಲಾರದ ಮುದುಕ ಮುದುಕಿಯರು ಹೆಚ್ಚಾದಾಗ, ಚರ್ಚೇ ಅವರ ಮನೆಗೆ ಹೋಗಲಿ ಎಂದು ಪಾದ್ರಿಗಳು ಭಾನುವಾರದ ಆರಾಧನೆಯನ್ನು ವಿಡಿಯೋ ಮಾಡಿ ಕಳಿಸಲು ಶುರುಮಾಡಿದರು. ಕಳಿಸುವುದು ಸುಲಭವಾಯಿತು, ತಲುಪುವುದು ಕಷ್ಟವಾಯಿತು. ಮಕ್ಕಳು ಮೊಮ್ಮಕ್ಕಳು ತಂದು ಗೋಡೆಗೆ ನೇತುಹಾಕಿದ ಟೀವಿ ಮನೆಮನೆಯಲ್ಲೂ ಇತ್ತು. ಅದರೊಳಗಿನ ಆ್ಯಪು ತೆರೆದು ತಮ್ಮ ಚರ್ಚನ್ನು ಹುಡುಕಿ ತೆಗೆಯುವ ಬಗೆ ಮಾತ್ರ ಆ ಹಿರಿಯರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಸೇವೆ ಪೊಕುವಾಳ ಪಾಲಿಗೆ ಬಂತು.

ಪೊಕುವಾ ಹಳೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಗುರುವಾರ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಹಿರಿಯರ ಮನೆಗಳಿಗೆ ಹೊರಡುತ್ತಿದ್ದಳು. ಅವಳು ಕಲಿಸುವ ರೀತಿಯೇ ಬೇರೆ. ರಿಮೋಟಿನಲ್ಲಿ ಮನೆಯ ಚಿತ್ರವಿರುವ ಗುಂಡಿಗೆ ಕೆಂಪು ಉಗುರುಬಣ್ಣ ಹಚ್ಚುತ್ತಿದ್ದಳು. “ಇದೊಂದನ್ನ ನೆನಪಿಟ್ಕೊಳ್ಳಿ ಸಾಕು. ಎಲ್ಲೆಲ್ಲೋ ಹೋಗಿ ದಾರಿ ತಪ್ಪಿತು ಅನ್ಸಿದ್ರೆ ಕೆಂಪು ಗುಂಡಿ ಮುಟ್ಟಿ. ಮನೆಗೆ ಬಂದುಬಿಡ್ತೀರಿ. ಒತ್ತಿ ಹಿಡಿಯೋದು ಬೇಡ, ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟಿ ಬಿಡಿ,” ಅನ್ನುತ್ತಿದ್ದಳು. ಒಬ್ಬ ಅಜ್ಜ, ಪಾದ್ರಿಗಳು ಪರದೆಯಲ್ಲಿ ಆಶೀರ್ವಾದಕ್ಕೆ ಕೈಯೆತ್ತಿದಾಗ ಎದ್ದುಹೋಗಿ ಟೀವಿಯ ಕೆಳಗೇ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಮೊಮ್ಮಕ್ಕಳು ಬಿದ್ದುಬಿದ್ದು ನಗುತ್ತಿದ್ದರು. ಪೊಕುವಾ ನಗುತ್ತಿರಲಿಲ್ಲ. ಆಶೀರ್ವಾದ ಎಲ್ಲಿ ಬೀಳುತ್ತದೆಂದು ಬಲ್ಲವರು ಯಾರು?

ಅವಳು ಎಲ್ಲರಿಗಿಂತ ಮೊದಲು ಕಲಿಸಿದ್ದು ತನ್ನ ದೊಡ್ಡಮ್ಮ ಬಿರಾಗೊಗೆ. ಊರಿಗೆಲ್ಲ ಬಿರಾಗೊ ಅಜ್ಜಿ, ಪೊಕುವಾಳಿಗೆ ಸತ್ತ ತಾಯಿಯ ಅಕ್ಕ. ಮೊಣಕಾಲು ಸೋತಿತ್ತೇ ಹೊರತು ನಾಲಿಗೆ ಸೋತಿರಲಿಲ್ಲ. ಭಾನುವಾರ ಮಿಂದು, ಬಿಳಿಯ ಬಟ್ಟೆ ಉಟ್ಟು, ತಲೆಗೆ ವಸ್ತ್ರ ಕಟ್ಟಿಕೊಂಡೇ ಅವಳು ರಿಮೋಟನ್ನು ಕೈಗೆತ್ತಿಕೊಳ್ಳುತ್ತಿದ್ದುದು.

“ಏನೇ ಪೊಕುವಾ, ಈ ಪೆಟ್ಟಿಗೆಗೆ ಬುದ್ಧಿ ಇದೆ ಅಂತೀಯ. ‘ಇನ್ನೂ ನೋಡ್ತಾ ಇದ್ದೀರಾ’ ಅಂತ ಆಗಾಗ ಕೇಳುತ್ತೆ. ಈ ಕಾಲಿಟ್ಕೊಂಡು ನಾನು ಎಲ್ಲಿಗೆ ಓಡಿಹೋಗ್ಲಿ?”

“ನಿದ್ದೆ ಬಂತೇನೋ ಅಂತ ಕೇಳುತ್ತೆ ದೊಡ್ಡಮ್ಮ.”

“ಪಾದ್ರಿಗಳ ಪ್ರಸಂಗ ಕೇಳ್ಬೇಕಾದ್ರೆ ಅದನ್ನ ಕೇಳೋದು ನ್ಯಾಯವೇ ಬಿಡು.”

ಆ ಆ್ಯಪು ತೆರೆಯಬೇಕಾದರೆ ಒಂದು ಖಾತೆ ಬೇಕು. ಬೇರೆ ಮನೆಗಳಲ್ಲಿ ಪೊಕುವಾ ಹಿರಿಯರ ಹೆಸರಿನಲ್ಲೇ ಹೊಸ ಖಾತೆ ಮಾಡಿಕೊಟ್ಟಿದ್ದಳು. ದೊಡ್ಡಮ್ಮನ ಮನೆಯಲ್ಲಿ ಮಾಡಲಿಲ್ಲ. ತನ್ನದೇ ಮನೆಯಲ್ಲವೆ ಎಂದು, ತನ್ನ ಮೊಬೈಲಿನಲ್ಲಿದ್ದ ಖಾತೆಯನ್ನೇ ಆ ಟೀವಿಗೂ ಹಾಕಿದಳು.

ಅಜ್ಜಿಗೆ ಒಬ್ಬ ತಮ್ಮನಿದ್ದ. ಹೆಸರು ದಾನ್ಸೊ. ಬಹಳ ದೂರ, ದೊರ್ಮಾದಲ್ಲಿ ಅವನ ಕೋಕೋ ತೋಟ. ಅಲ್ಲಿನ ಚರ್ಚಿನ ಹಾಡುಬಳಗದಲ್ಲಿ ಅವನದು ಗಡಸು ದನಿ. ಪೊಕುವಾಳ ತಾಯಿ ತೀರಿಕೊಂಡಾಗ ಅವಳಿಗೆ ಹೊಲಿಗೆ ಕಲಿಸಿ ಅಂಗಡಿ ಇಡಿಸಿದ ಸೋದರಮಾವ ಅವನೇ. ದೊರ್ಮಾದ ಚರ್ಚಿನವರೂ ಆರಾಧನೆಯನ್ನು ಕಳಿಸುತ್ತಾರೆಂದು ತಿಳಿದ ದಿನ ಪೊಕುವಾ ಅದನ್ನು ಹುಡುಕಿ, ಬೆಕ್ವಾಯ್ ಚರ್ಚಿನ ಪಕ್ಕದಲ್ಲೇ ಕಾಣುವಂತೆ ಇಟ್ಟುಕೊಟ್ಟಳು. ಅಂದಿನಿಂದ ಅಜ್ಜಿಗೆ ಭಾನುವಾರ ಎರಡು ಆರಾಧನೆ. ಒಂದು ದೇವರಿಗೆ, ಒಂದು ತಮ್ಮನಿಗೆ.

“ನೋಡೇ ನೋಡೇ, ಬಾಯಿ ತೆರೆದ! ಅಯ್ಯೋ, ಹಾಡ್ತಿಲ್ಲ ಕಣೇ, ಆಕಳಿಸ್ತಿದ್ದಾನೆ!”

ಆಮೇಲೆ ಫೋನು. “ಏನೋ ದಾನ್ಸೊ, ದೇವರ ಮುಂದೆ ಆಕಳಿಸ್ತೀಯಲ್ಲೋ, ನಾಚಿಕೆ ಆಗಲ್ವಾ?”

“ಅಕ್ಕಾ, ದೇವರು ನೋಡಿದ್ರೆ ಸುಮ್ನಿರ್ತಾನೆ. ನೀನು ನೋಡಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಆ ಪೊಕುವಾ ಕೈಗೆ ಸಿಗ್ಲಿ ನನಗೆ!”

ಆ ದಾನ್ಸೊ ಒಂದು ಬೆಳಿಗ್ಗೆ ತೋಟಕ್ಕೆ ಹೋದವನು ಕೋಕೋ ಮರದ ನೆರಳಿನಲ್ಲಿ ಕುಳಿತ. ಹಾಗೇ ದೇವರ ಪಾದ ಸೇರಿದ.

ನಮ್ಮಲ್ಲಿ ಸಾವಿನ ಸುದ್ದಿ ತಾನಾಗಿ ಓಡಿ ಬರುವಂತಿಲ್ಲ. ಅದು ಹಿರಿಯರ ಕಾಲಿನಲ್ಲಿ ನಡೆದು ಬರಬೇಕು. ಮುಂಜಾನೆ ಮನೆತನದ ಹಿರಿಯರು ಬಂದು ಕೂರಬೇಕು, ನೀರು ಕುಡಿದಾಗಬೇಕು, ಬಂದ ಕಾರಣವೇನೆಂದು ಮನೆಯವರು ಕೇಳಬೇಕು. ಆಗ ಮಾತ್ರ ಆ ಮಾತು ಬಾಯಿಂದ ಹೊರಡಬೇಕು. ಕಿರಿಯರು ಹೇಳುವಂತಿಲ್ಲ. ಹೇಳಿಸಿಕೊಳ್ಳದವರು ಅಳುವಂತಿಲ್ಲ.

ಬಿರಾಗೊ ಅಜ್ಜಿಗೆ ಹೇಳಬೇಕಾದವನು ಅಡೊಮಾಕೊ, ಮನೆತನದ ಯಜಮಾನ, ಅಜ್ಜಿಯ ಚಿಕ್ಕಮ್ಮನ ಮಗ. ಅವನು ಅಜ್ಜಿಯ ಮಗಳು ಕೊನಾದುವನ್ನೂ ಪೊಕುವಾಳನ್ನೂ ತನ್ನ ಮನೆಗೆ ಕರೆಸಿದ.

“ಅಕ್ಕನಿಗೆ ರಕ್ತದೊತ್ತಡ. ಡಾಕ್ಟರು ಏನೂ ಗಾಬರಿ ಆಗ್ಬಾರ್ದು ಅಂದಿದ್ದಾರೆ. ದೊರ್ಮಾದವರು ಇನ್ನೂ ಮಣ್ಣಿನ ದಿನ ಗೊತ್ತುಮಾಡಿಲ್ಲ, ಹೆಣ ಶವಾಗಾರದಲ್ಲಿದೆ. ದಿನ ಗೊತ್ತಾಗ್ಲಿ, ಆಗ ಹೇಳೋಣ. ಅಲ್ಲಿವರೆಗೆ ಯಾರೂ ತುಟಿ ಬಿಚ್ಚಬೇಡಿ.” ಪೊಕುವಾಳ ಕಡೆ ತಿರುಗಿದ. “ನಿನ್ನ ಆ ಪೆಟ್ಟಿಗೆಯ ಬಾಯಿನೂ ಮುಚ್ಚಿಸು.”

“ಮುಚ್ಚಿಸ್ತೀನಿ ಮಾವ.”

“ಖಂಡಿತ?”

“ಖಂಡಿತ ಮಾವ.”

ಅವಳು ಟೀವಿಯಿಂದ ದೊರ್ಮಾದ ಚರ್ಚನ್ನು ತೆಗೆದಳು. ದೊಡ್ಡಮ್ಮ ಕೇಳಿದಾಗ, “ಅಲ್ಲಿಯವರು ಕಳಿಸೋದು ನಿಲ್ಲಿಸಿದ್ದಾರಂತೆ,” ಅಂದಳು. ದಾನ್ಸೊಗೆ ಫೋನು ಮಾಡಿಕೊಡು ಎಂದಾಗ, “ಮಾವನ ಫೋನು ನೀರಿಗೆ ಬಿದ್ದು ಕೆಟ್ಟಿದೆಯಂತೆ,” ಅಂದಳು. ಹೇಳುವಾಗ ದೊಡ್ಡಮ್ಮನ ಮುಖ ನೋಡಲಾರದೆ ರಿಮೋಟಿನ ಹಿಂಬದಿ ತೆರೆದು, ಸರಿಯಾಗಿಯೇ ಇದ್ದ ಬ್ಯಾಟರಿಗಳನ್ನು ತೆಗೆದು ಮತ್ತೆ ಹಾಕಿದಳು.

ಸಾವಿಗೆ ವಾರ ತುಂಬಿ, ವಾರದ ಶೋಕದ ದಿನ ದೊರ್ಮಾದಲ್ಲಿ ಜನ ಸೇರಿದರು. ಪೊಕುವಾ ಹೋಗುವಂತಿರಲಿಲ್ಲ. ಹೋದರೆ ಎಲ್ಲಿಗೆ ಹೋದೆ ಎಂದು ದೊಡ್ಡಮ್ಮ ಕೇಳುತ್ತಾಳೆ. ಅಲ್ಲಿಯ ಚರ್ಚಿನವರು ಅದರ ವಿಡಿಯೋ ಹಾಕಿದ್ದರು. ಅಂಗಡಿಯಲ್ಲಿ ಬಟ್ಟೆಯ ಗಂಟುಗಳ ಹಿಂದೆ ಕುಳಿತು, ಸೆರಗು ಬಾಯಿಗೆ ತುರುಕಿಕೊಂಡು, ಮೊಬೈಲಿನಲ್ಲಿ ಅದನ್ನು ನೋಡಿದಳು. ಅರ್ಧ ನೋಡುವಷ್ಟರಲ್ಲಿ ಯಾರೋ ಗಿರಾಕಿ ಬಾಗಿಲು ತಟ್ಟಿದರು. ಕಣ್ಣೊರೆಸಿಕೊಂಡು ಎದ್ದಳು.

ಮುಂದಿನ ಗುರುವಾರ ಎಂದಿನಂತೆ ದೊಡ್ಡಮ್ಮನ ಮನೆಗೆ ಹೋದಳು. ಟೀವಿಯಿಂದ ದನಿ ಸಣ್ಣಗೆ ಬರುತ್ತದೆಂದು ಕೊನಾದು ಹೇಳಿಕಳಿಸಿದ್ದಳು. ಅಜ್ಜಿ ತನ್ನ ಕುರ್ಚಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು.

ಪೊಕುವಾ ಟೀವಿ ಹಾಕಿ ಆ್ಯಪು ತೆರೆದಳು. ಮೊದಲನೆಯ ಚಿತ್ರವೇ ದಾನ್ಸೊ.

ಶೋಕದ ಕಪ್ಪು ಕೆಂಪು ಅಂಚಿನೊಳಗೆ, ಹಾಡುಬಳಗದ ನಿಲುವಂಗಿ ತೊಟ್ಟ ದಾನ್ಸೊ. ಕೆಳಗೆ ದೊಡ್ಡ ಅಕ್ಷರಗಳಲ್ಲಿ ಅವನ ಹೆಸರು, ವಾರದ ಶೋಕದ ಒಕ್ಕಣೆ. ಮೊಬೈಲಿನಲ್ಲಿ ನೋಡಿದ್ದು ಇಲ್ಲಿಗೆ ಹೇಗೆ ಬಂತು ಎಂದು ಒಂದು ಗಳಿಗೆ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಖಾತೆ ಒಂದೇ. ಅವಳು ಅಂಗಡಿಯಲ್ಲಿ ಬಚ್ಚಿಟ್ಟುಕೊಂಡು ನೋಡಿದ್ದನ್ನು ಆ ಖಾತೆ ನೇರವಾಗಿ ಇಲ್ಲಿಗೆ ತಂದು, ಮೊದಲ ಸಾಲಿನಲ್ಲೇ ಕೂರಿಸಿತ್ತು.

ಚಿತ್ರದ ಬುಡದಲ್ಲಿ, ಎಷ್ಟು ನೋಡಿ ಆಗಿದೆ ಎಂದು ತೋರಿಸುವ ಗೆರೆಯಿತ್ತು. ಅವಳು ಅರ್ಧಕ್ಕೆ ಬಿಟ್ಟಿದ್ದಳು. ಇಲ್ಲಿ ಗೆರೆ ಕೊನೆ ಮುಟ್ಟಿತ್ತು. ಹಗಲು ಈ ಮನೆಯಲ್ಲಿ ಇರುವವಳು ದೊಡ್ಡಮ್ಮ ಒಬ್ಬಳೇ. ಕೊನಾದು ಹೊಗೆಮೀನು ಮಾರಲು ಸಂತೆಗೆ ಹೋದರೆ ಬರುವುದು ಮಧ್ಯಾಹ್ನ ಕಳೆದ ಮೇಲೆ. ದಾರಿ ತಪ್ಪಿದರೆ ಕೆಂಪು ಗುಂಡಿ ಮುಟ್ಟಿ ಮನೆಗೆ ಬನ್ನಿ ಎಂದು ಪೊಕುವಾ ತಾನೇ ಕಲಿಸಿದ್ದಳು. ದೊಡ್ಡಮ್ಮ ಮನೆಗೆ ಬಂದಿದ್ದಳು. ಅಲ್ಲಿ ತಮ್ಮ ಕಾದು ಕುಳಿತಿದ್ದ.

ಪೊಕುವಾ ತಿರುಗಿ ನೋಡಿದಳು. ಅಜ್ಜಿ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು. “ದನಿ ಸರಿಹೋಯ್ತೇನೆ?” ಎಂದು ಕೇಳಿದಳು.

“ನೋಡ್ತಿದ್ದೀನಿ ದೊಡ್ಡಮ್ಮ. ಒಂದು ಲೋಟ ನೀರು ಕುಡಿದು ಬರ್ತೀನಿ.”

ಹಿತ್ತಲಿನಲ್ಲಿ ಕೊನಾದು ಬಾಳೆಕಾಯಿ ಸುಲಿಯುತ್ತಿದ್ದಳು. “ಏನೇ ತಂಗಿ, ಮುಖ ಯಾಕೆ ಬೂದಿ ಬಳಿದ ಹಾಗಿದೆ?”

“ಏನಿಲ್ಲ ಅಕ್ಕ. ದೊಡ್ಡಮ್ಮ ಹೇಗಿದ್ದಾರೆ?”

“ಹೇಗಿರ್ತಾರೆ! ನನ್ನ ಕೈರುಚಿ ಕೆಟ್ಟಿದೆಯಂತೆ. ಫುಫು ಮುದ್ದೆ ಬೇಡ, ಹೊಟ್ಟೆ ಭಾರ ಅಂತಾರೆ. ಮೊನ್ನೆ ತಾಳೆಹಣ್ಣಿನ ಸಾರು ಮಾಡಿ ಒಳ್ಳೊಳ್ಳೆ ಮೀನು ಹಾಕಿದ್ದೆ. ನಾಯಿಗೆ ಹಾಕು ಅಂದ್ರು. ನಾಯಿ ತಿಂದು ನನ್ನ ಕೈ ನೆಕ್ಕಿತು, ಅಷ್ಟಾದ್ರೂ ಮರ್ಯಾದೆ ಸಿಕ್ತು ನನಗೆ. ಬರೀ ಬೇಯಿಸಿದ ಬಾಳೆಕಾಯಿ ಒಂದು ತುಂಡು, ಚಹಾ. ಕಿವಿಯೋಲೆನೂ ತೆಗೆದಿಟ್ಟಿದ್ದಾರೆ. ಕೇಳಿದ್ರೆ ಕಿವಿ ನೋವಂತೆ.”

ಪೊಕುವಾ ನೀರಿನ ಲೋಟ ಕೆಳಗಿಟ್ಟಳು. ಸತ್ತವರನ್ನು ಮಣ್ಣು ಮಾಡುವ ತನಕ ಹತ್ತಿರದವರು ಫುಫು ಮುಟ್ಟುವುದಿಲ್ಲ, ಒಡವೆ ಹಾಕುವುದಿಲ್ಲ. ದೊಡ್ಡಮ್ಮ ಯಾರಿಗೂ ಕಾಣದಂತೆ ಶೋಕ ಹಿಡಿದಿದ್ದಳು. ಹೇಳಿಸಿಕೊಳ್ಳದೆ ಅಳುವಂತಿಲ್ಲ, ಅದಕ್ಕೆ ಅತ್ತಿರಲಿಲ್ಲ. ನನಗೆ ಗೊತ್ತು ಎಂದುಬಿಟ್ಟರೆ ಮಗಳೂ ಯಜಮಾನನೂ ಸುಳ್ಳುಗಾರರಾಗುತ್ತಾರೆ. ಹೇಗೆ ಗೊತ್ತಾಯಿತು ಎಂದು ಅವರು ಕೇಳಿದರೆ ಪೊಕುವಾಳ ಹೆಸರು ಬರುತ್ತದೆ. ಅಷ್ಟನ್ನೂ ಬಾಯಿಯೊಳಗೆ ಹಿಡಿದುಕೊಂಡು ಆ ಮುದುಕಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಒಳಗೆ ಬಂದಾಗ ಟೀವಿಯಲ್ಲಿ ದಾನ್ಸೊ ಹಾಗೇ ಇದ್ದ. ಪೊಕುವಾಳಿಗೆ ಮೊದಲು ತೋಚಿದ್ದು ಅದನ್ನು ಅಳಿಸುವುದು. ರಿಮೋಟು ಹಿಡಿದು ಆ ಚಿತ್ರದ ಮೇಲೆ ಬಂದು, ತೆಗೆದುಹಾಕುವ ಆಯ್ಕೆಯ ತನಕ ಹೋದಳು. ಇನ್ನೊಂದು ಸಲ ಬೆರಳು ಮುಟ್ಟಿದ್ದರೆ ಏನೂ ಆಗಿಲ್ಲವೆಂಬಂತೆ ಆಗುತ್ತಿತ್ತು.

“ಇರಲಿ ಬಿಡು,” ಅಂದಳು ಅಜ್ಜಿ. ಅವಳ ಮುಖ ಕಿಟಕಿಯ ಕಡೆಗೇ ಇತ್ತು. “ಅದನ್ನ ಯಾಕೆ ತೆಗೀತೀಯ.”

ಪೊಕುವಾ ರಿಮೋಟನ್ನು ಮೇಜಿನ ಮೇಲಿಟ್ಟಳು. ಹೊರಗೆ ಪಕ್ಕದ ಮನೆಯವರು ಫುಫು ಕುಟ್ಟುವ ಒನಕೆಯ ಸದ್ದು ಕೇಳುತ್ತಿತ್ತು.

ಅಡೊಮಾಕೊನ ಮನೆ ಗುಡ್ಡದ ಆಚೆ ಬದಿ. ದಾರಿಯುದ್ದಕ್ಕೂ ಅವಳ ಮನಸ್ಸು ಅವಳನ್ನು ಹಿಂದಕ್ಕೆಳೆಯಿತು. ಮಣ್ಣಿನ ದಿನ ಗೊತ್ತಾದ ಮೇಲೆ ಅವರೇ ಹೇಳುತ್ತಾರಲ್ಲ. ದೊಡ್ಡಮ್ಮ ಬಾಯಿ ಬಿಡುವವಳಲ್ಲ. ಯಾರಿಗೂ ತಿಳಿಯುವುದಿಲ್ಲ. ಹಾಗೆ ಯೋಚಿಸುತ್ತಲೇ ನಡೆದಳು. ಕಾಲು ಮಾತ್ರ ನಿಲ್ಲಲಿಲ್ಲ. ಕರ್ತನೇ, ನನ್ನ ಬಾಯಿ ತೆರೆಸು ಎಂದು ಬೇಡಿಕೊಂಡಳು. ಬೇಡಿದ್ದು ಸಿಕ್ಕಿಬಿಟ್ಟರೆ ಗತಿಯೇನು ಎಂಬ ಭಯವೂ ಆಯಿತು.

ಅಡೊಮಾಕೊ ಜಗಲಿಯಲ್ಲಿ ಕುಳಿತು ಇಬ್ಬರು ಮುದುಕರ ಜೊತೆ ಪಗಡೆಯಂಥ ಆಟವಾಡುತ್ತಿದ್ದ. ಅವಳು ಅವನ ಕಾಲ ಬಳಿ ಮಂಡಿಯೂರಿದಳು. ಅವನು ಆಟದ ಕಾಯಿ ಕೈಯಲ್ಲಿ ಹಿಡಿದೇ, “ಏನಿದು? ಯಾರನ್ನಾದ್ರೂ ಕೊಂದು ಬಂದ್ಯಾ?” ಅಂದ. ಮುದುಕರು ನಕ್ಕರು.

“ದೊಡ್ಡಮ್ಮನಿಗೆ ಗೊತ್ತಾಗಿದೆ ಮಾವ. ನನ್ನಿಂದ ಗೊತ್ತಾಗಿದೆ.”

ನಗು ನಿಂತಿತು. ಅವಳು ಒಂದೂ ಬಿಡದೆ ಹೇಳಿದಳು. ಖಾತೆ, ಅಂಗಡಿ, ಅರ್ಧ ನೋಡಿದ ವಿಡಿಯೋ, ಕಿವಿಯೋಲೆ, ಫುಫು. ಅಳಿಸಲು ಹೋಗಿದ್ದನ್ನೂ ಹೇಳಿದಳು.

ಅಡೊಮಾಕೊ ಎದ್ದು ನಿಂತ. “ಬಾಯಿ ಮುಚ್ಚಿಸು ಅಂದೆ. ಖಂಡಿತ ಅಂದೆ ನೀನು. ಊರಿನ ಮುದುಕರಿಗೆಲ್ಲ ಪಾಠ ಹೇಳೋ ಪಂಡಿತೆ ನೀನು, ನಿನ್ನ ಮನೆ ಬಾಗಿಲು ಹಾಕೋಕೆ ಬರಲ್ವಾ? ಅಕ್ಕನಿಗೆ ಏನಾದ್ರೂ ಆಗಿದ್ರೆ? ಆ ಪೆಟ್ಟಿಗೆ ಮುಂದೆ ಒಬ್ಬಳೇ ಕೂತು...”

“ಒಬ್ಬರೇ ಕೂತಿದ್ರು ಮಾವ. ಈಗಲೂ ಒಬ್ಬರೇ ಕೂತಿದ್ದಾರೆ. ನೀವು ಹೋಗಿ ಹೇಳಿದ್ರೆ ಅಳಬಹುದು. ಅಷ್ಟಕ್ಕೇ ಬಂದೆ. ನನ್ನನ್ನ ಆಮೇಲೆ ಬೈಯಿರಿ.”

ಅವನು ಬೈಯಲಿಲ್ಲ. ನಿಂತವನು ಮತ್ತೆ ಕುಳಿತ. ಆಡುತ್ತಿದ್ದ ಮುದುಕರಲ್ಲಿ ಒಬ್ಬ ಮೆಲ್ಲಗೆ, “ದಿನ ಗೊತ್ತಾಗ್ಲಿ ದಿನ ಗೊತ್ತಾಗ್ಲಿ ಅಂತಿದ್ದೆ. ಹೆದರಿದ್ದು ನೀನು ಕಣಯ್ಯ, ಅಕ್ಕನ ರಕ್ತದೊತ್ತಡ ಅಲ್ಲ,” ಅಂದ. ಅಡೊಮಾಕೊ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದ. “ನಾಳೆ ಮುಂಜಾನೆ ಬರ್ತೀವಿ,” ಅಂದ. “ಕೊನಾದುಗೆ ಹೇಳಿಡು.”

ಮರುದಿನ ಕೋಳಿ ಕೂಗಿದ ಮೇಲೆ, ಮಂಜು ಇನ್ನೂ ಅಂಗಳದಲ್ಲಿರುವಾಗ, ಅವರು ಬಂದರು. ಅಡೊಮಾಕೊ, ಜೊತೆಗೆ ಇಬ್ಬರು ಹಿರಿಯರು, ಮನೆತನದ ಕೆಲವು ಹೆಂಗಸರು. ಅಜ್ಜಿ ಆಗಲೇ ಮಿಂದು ಕುಳಿತಿದ್ದಳು, ಇವರ ದಾರಿ ಕಾಯುತ್ತಿದ್ದವಳಂತೆ. ಕೊನಾದು ನೀರು ಕೊಟ್ಟಳು. ಎಲ್ಲರೂ ಕುಡಿದರು. ಅಜ್ಜಿಗೂ ಒಂದು ಲೋಟ ಕೊಟ್ಟರು. ಪೂರ್ತಿ ಕುಡಿದು ಕೆಳಗಿಟ್ಟಳು.

“ಇಲ್ಲಿ ಎಲ್ಲ ಕ್ಷೇಮ,” ಎಂದಳು, ರೂಢಿಯ ಮಾತು. “ಬಂದಿರಿ, ಸಂತೋಷ. ಬಂದ ಕಾರಣ ಏನು?”

ಅಡೊಮಾಕೊ ಗಂಟಲು ಸರಿಮಾಡಿಕೊಂಡ. ಎಷ್ಟೋ ಮನೆಗಳಲ್ಲಿ ಈ ಮಾತು ಹೇಳಿದವನು. ಈ ಮನೆಯಲ್ಲಿ ದನಿ ನಡುಗಿತು. “ಅಕ್ಕಾ, ಕೆಟ್ಟದ್ದು ಕಟ್ಕೊಂಡು ಬಂದಿದ್ದೀವಿ. ದೊರ್ಮಾದಿಂದ ಮಾತು ಬಂತು. ದಾನ್ಸೊ ನಮ್ಮ ಕೈ ಬಿಟ್ಟ.”

ಪೊಕುವಾ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅಜ್ಜಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. ಅವಳೊಳಗಿಂದ ಎದ್ದ ಕೂಗು ಆಗ ತಾನೇ ಸುದ್ದಿ ಕೇಳಿದವಳ ಕೂಗಲ್ಲವೆಂದು ಪೊಕುವಾಳಿಗೆ ಗೊತ್ತಿತ್ತು. ಅದು ಕಟ್ಟೆ ಒಡೆದ ನೀರು. ಅಜ್ಜಿ ತಮ್ಮನನ್ನು ಅವ್ವ ಇಟ್ಟ ಮುದ್ದಿನ ಹೆಸರಿನಿಂದ ಕರೆದಳು, ಅಜ್ಜಂದಿರ ಹೆಸರು ಹಿಡಿದು ಕರೆದಳು, ನನ್ನ ಬೆನ್ನ ಮೇಲೆ ಬೆಳೆದವನೇ ನನ್ನ ಮುಂದೆ ಯಾಕೆ ನಡೆದೆಯೋ ಎಂದು ಕೇಳಿದಳು. ಹೆಂಗಸರು ಅವಳ ಸುತ್ತ ಕುಳಿತು ದನಿಗೂಡಿಸಿದರು. ಅಕ್ಕಪಕ್ಕದವರು ಓಡಿಬಂದರು. ಬಹಳ ಹೊತ್ತು ಆ ಮನೆ ಅತ್ತಿತು.

ಅಡೊಮಾಕೊ ಹೊರಬಂದು ಪೊಕುವಾಳನ್ನು ಗೋಡೆಯ ಬದಿಗೆ ಕರೆದ. ಅವನ ಮುಖ ಹಗುರಾಗಿತ್ತು. “ನೋಡಿದ್ಯಾ? ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೀಗೆ ಅಳ್ತಾರಾ? ಪೆಟ್ಟಿಗೆ ತಾನಾಗೇ ಓಡಿ ಮುಗಿದಿರುತ್ತೆ, ಅವಳು ನಿದ್ದೆ ಮಾಡಿರ್ತಾಳೆ. ಸುಮ್ನೆ ನನ್ನ ಜೀವ ತಿಂದೆ ನೀನು. ಹೋಗ್ಲಿ, ನಿನ್ನ ತಪ್ಪೇನೂ ಇಲ್ಲ.”

ತಪ್ಪಿಲ್ಲವೆಂಬ ಮಾತು ಅವಳನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಇಲ್ಲ ಮಾವ ಎನ್ನಬೇಕೆಂದುಕೊಂಡಳು. ಹಾಗೆ ಅಂದುಬಿಟ್ಟರೆ ದೊಡ್ಡಮ್ಮ ಇಷ್ಟು ಕಷ್ಟಪಟ್ಟು ಉಳಿಸಿಕೊಟ್ಟ ಅವನ ಮಾನವನ್ನು ಕಳೆದಂತೆ. ತಲೆ ತಗ್ಗಿಸಿ ಸುಮ್ಮನೆ ನಿಂತಳು.

ಬಿಸಿಲು ಇಳಿದು ಜನ ಚದುರಿದಾಗ ಅಜ್ಜಿ ಅವಳನ್ನು ಕರೆದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಜ್ಜಿ ಕಪ್ಪು ಬಟ್ಟೆ ಉಟ್ಟು ಚಾಪೆಯ ಮೇಲೆ ಕಾಲು ಚಾಚಿದ್ದಳು. ಪೊಕುವಾ ಆ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕತೊಡಗಿದಳು.

“ವಾರದ ದಿನ ನೀನೆಲ್ಲಿ ಕೂತು ಅತ್ತೆ?”

“ಅಂಗಡೀಲಿ. ಬಟ್ಟೆ ಗಂಟಿನ ಹಿಂದೆ.”

“ಅರ್ಧಕ್ಕೆ ಯಾಕೆ ಬಿಟ್ಟೆ?”

“ಗಿರಾಕಿ ಬಂದ್ರು ದೊಡ್ಡಮ್ಮ.”

“ಒಳ್ಳೇದನ್ನ ನೋಡ್ಲಿಲ್ಲ ನೀನು. ಕೊನೇಲಿ ಅವನ ಬಳಗದವರು ಹಾಡಿದ್ರು. ಅವನು ನಿಲ್ಲೋ ಜಾಗ ಖಾಲಿ ಬಿಟ್ಟಿದ್ರು. ಗಡಸು ದನಿ ಇಲ್ದೆ ಹಾಡು ಕುಂಟ್ತಾ ಇತ್ತು ಕಣೇ.” ಅಜ್ಜಿ ಸ್ವಲ್ಪ ನಕ್ಕಳು, ಕಣ್ಣು ಒದ್ದೆಯಾಗಿತ್ತು.

ಪೊಕುವಾ ಅವಳ ಪಾದಕ್ಕೆ ಹಣೆ ಇಟ್ಟಳು. “ತಪ್ಪಾಯ್ತು ದೊಡ್ಡಮ್ಮ. ನನ್ನ ಖಾತೆ ಹಾಕ್ಬಾರ್ದಿತ್ತು. ನೀವು ಹಾಗೆ ನೋಡೋ ಹಾಗಾಯ್ತು.”

“ಅದಕ್ಯಾಕೆ ಅಳ್ತೀಯ. ಪೆಟ್ಟಿಗೆ ಇದ್ದದ್ದು ತೋರಿಸ್ತು. ಅದು ಒರಟಾಗಿ ತೋರಿಸ್ತು, ನೀರು ಕೊಡ್ಲಿಲ್ಲ, ಕೂರು ಅನ್ಲಿಲ್ಲ. ಆದ್ರೂ ನನ್ನ ತಮ್ಮನ್ನ ತೋರಿಸ್ತು. ಅದರ ಮೇಲೆ ನನಗೆ ಕೋಪ ಇಲ್ಲ.” ಅಜ್ಜಿ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. “ಫೋನು ನೀರಿಗೆ ಬಿತ್ತು ಅಂದ್ಯಲ್ಲ.”

ಪೊಕುವಾಳ ಕೈ ಗಾಳಿಯಲ್ಲಿ ಉಳಿಯಿತು.

“ಆವತ್ತು ಸಂಜೆ ನಾನು ಪ್ರಾರ್ಥನೆ ಮಾಡಿದೆ. ದಾನ್ಸೊಗೆ ಹೊಸ ಫೋನು ಕೊಡಿಸಪ್ಪಾ, ಅವನ ದನಿ ಕೇಳಿ ವಾರವಾಯ್ತು ಅಂತ ಬೇಡ್ಕೊಂಡೆ. ದಿನಾ ಬೇಡ್ಕೊಂಡೆ. ಸತ್ತು ದೇವರ ಹತ್ರಾನೇ ಇರೋವ್ನಿಗೆ ದೇವರ ಹತ್ರ ಫೋನು ಕೇಳಿದೆ ಕಣೇ ನಾನು. ಅವನು ಏನಂದ್ಕೊಂಡಿರ್ತಾನೆ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಹಾಗೆ ಬೇಡಿಸಿದ್ದು ನೀನು. ಕೊನಾದು ಹೇಳಿದ್ರೆ ನಂಬ್ತಿರ್ಲಿಲ್ಲ, ಅವಳಿಗೆ ಸುಳ್ಳು ಹೇಳೋಕೆ ಬರಲ್ಲ. ನೀನು ಹೇಳಿದೆ ಅಂತ ನಂಬಿದೆ.”

“ಕ್ಷಮಿಸಿ ದೊಡ್ಡಮ್ಮ.”

“ಕ್ಷಮಿಸ್ತೀನಿ. ಇವತ್ತಲ್ಲ. ಇವತ್ತು ನನ್ನ ಕೈಲಿ ಆಗಲ್ಲ. ಸ್ವಲ್ಪ ದಿನ ಕೊಡು.”

ಪೊಕುವಾ ತಲೆಯಾಡಿಸಿದಳು. ಎಣ್ಣೆಯ ಕೈಯನ್ನು ತನ್ನ ಸೆರಗಿಗೇ ಒರೆಸಿಕೊಂಡಳು.

ಸಂಜೆ ಚರ್ಚಿನವರು ಸಂತಾಪಕ್ಕೆ ಬಂದರು. ಹಾಡು ಆಯಿತು, ವಾಕ್ಯ ಓದಿದರು. ಕೊನೆಯಲ್ಲಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಎದ್ದು ನಿಂತು ಒಟ್ಟಿಗೆ ಹೇಳಿದರು. ಅಜ್ಜಿಗೆ ಏಳಲಾಗದು, ಅವಳ ಪಕ್ಕದಲ್ಲಿ ಪೊಕುವಾ ಮಂಡಿಯೂರಿದ್ದಳು. ಅನ್ನ ಬೇಡುವ ಸಾಲಿನ ತನಕ ದೊಡ್ಡಮ್ಮನ ಒಡಕು ದನಿ ಅವಳ ಕಿವಿಯ ಬಳಿಯೇ ಕೇಳುತ್ತಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನೂ ಕ್ಷಮಿಸು ಎಂಬ ಸಾಲು ಬಂದಾಗ ಆ ದನಿ ನಿಂತಿತು. ಮನಸ್ಸಿನಲ್ಲಿಲ್ಲದ್ದನ್ನು ದೇವರಿಗೆ ಹೇಳುವವಳಲ್ಲ ಬಿರಾಗೊ ಅಜ್ಜಿ. ಕೋಣೆಯ ಜನವೆಲ್ಲ ಆ ಸಾಲು ಹೇಳಿ ಮುಂದೆ ಹೋದರು.

ಪೊಕುವಾ ಮುಂದೆ ಹೋಗಲಿಲ್ಲ. ದೊಡ್ಡಮ್ಮನ ಪಕ್ಕದಲ್ಲಿ ತಾನೂ ಬಾಯಿ ಮುಚ್ಚಿ, ಅವಳ ದನಿ ನಿಂತ ಸಾಲಿನಲ್ಲೇ ಉಳಿದಳು.